ಓಡಿ ಹೋಗಲಿಲ್ಲ, ಹೋಗಿ ಓಡಿದೆ

ನಮ್ಮ ಕಡೆ ಮನುಷ್ಯರು ಓಡುವುದಕ್ಕೆ ಒಪ್ಪಿತವಾದ ಕಾರಣಗಳು ಕೆಲವೇ ಇವೆ. ಬಸ್ಸು ಹೊರಟಿರಬೇಕು, ಇಲ್ಲವೇ ನಾಯಿ ಅಟ್ಟಿಸಿಕೊಂಡು ಬಂದಿರಬೇಕು. ಹನೂರಿನಿಂದ ಆಚೆಗಾದರೆ ನಾಯಿಯ ಜಾಗದಲ್ಲಿ ಆನೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಹೆಂಗಸರು ಹಜಾರದಿಂದ ಅಡುಗೆಮನೆಯವರೆಗೆ ಓಡಬಹುದು, ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ನಡೆಯುವ ವಿಷಯದಲ್ಲಂತೂ ನಮ್ಮವರನ್ನು ಮೀರಿಸುವವರಿಲ್ಲ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಕೊಳ್ಳೇಗಾಲ ದಾಟಿ, ಹನೂರು ದಾಟಿ, ಕೌದಳ್ಳಿಯಲ್ಲಿ ಮಜ್ಜಿಗೆ ಕುಡಿದು ಬರಿಗಾಲಲ್ಲಿ ಬೆಟ್ಟ ಹತ್ತುತ್ತಾರೆ. ಶುಗರ್ ಬಂದವರು ಕೆರೆ ಏರಿಯ ಮೇಲೆ ಕೈ ಬೀಸಿಕೊಂಡು ನಡೆಯುತ್ತಾರೆ, ಎದುರಿಗೆ ಸಿಕ್ಕ ಇನ್ನೊಬ್ಬ ಶುಗರಿನವರ ಹತ್ತಿರ ನಿಂತು ಮೆಂತ್ಯದ ವಿಷಯ ಮಾತಾಡುತ್ತಾರೆ. ಆದರೆ ನಲವತ್ತೊಂಬತ್ತು ವರ್ಷದ, ಶುಗರೂ ಹರಕೆಯೂ ಇಲ್ಲದ ಒಬ್ಬಳು ಹೈಸ್ಕೂಲು ಕನ್ನಡ ಟೀಚರು ಬೆಳಗಿನ ಆರು ಗಂಟೆಗೆ ಕೊಳ್ಳೇಗಾಲದ ಬೀದಿಯಲ್ಲಿ ಸುಮ್ಮನೆ ಓಡುವುದಕ್ಕೆ ನಮ್ಮ ಸಮಾಜದಲ್ಲಿ ಯಾವ ಕಾಲಮ್ಮೂ ಇಲ್ಲ. ನಾನು ಓಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವ ಉದ್ದೇಶ ನನಗಿಲ್ಲ.

ಇದೆಲ್ಲ ಶುರುವಾದದ್ದು ಯಳಂದೂರಿನ ಬಸ್ಸಿನಿಂದ. ಯಳಂದೂರು ನನ್ನ ತವರು. ಸುವರ್ಣಾವತಿ ಹೊಳೆಯ ಪಕ್ಕದಲ್ಲೇ ಮನೆ, ಈಗ ಅಲ್ಲಿ ತಮ್ಮ ಇದ್ದಾನೆ. ಹನ್ನೊಂದು ಹನ್ನೆರಡು ವರ್ಷದವರೆಗೆ ನಾನು ಆ ಹೊಳೆದಂಡೆಯ ಮೇಲೆ ನಡೆದದ್ದೇ ಕಡಿಮೆ, ಎಲ್ಲಿಗೆ ಹೋದರೂ ಓಟವೇ. ಆಮೇಲೆ ಒಂದು ದಿನ ಅಜ್ಜಿ ಕರೆದು, "ಇನ್ಮೇಕೆ ಓಡ್ಬ್ಯಾಡ ಕಣಮ್ಮಿ. ದೊಡ್ಡೋಳಾದೆ. ಎಣ್ಣೈಕ್ಳು ಓಡಿದ್ರೆ ನೋಡೋರ್ಗೆ ಚೆಂದಾಗಿರಲ್ಲ" ಅಂದರು. ನೋಡುವವರು ಯಾರು, ಅವರಿಗೆ ಯಾಕೆ ಚೆಂದ ಕಾಣಬೇಕು ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ನಿಲ್ಲಿಸಿದೆ. ನಿಲ್ಲಿಸಿದ್ದು ಸಾಲದು ಎಂಬಂತೆ ಟೀಚರಾದ ಮೇಲೆ ಇಪ್ಪತ್ತೈದು ವರ್ಷ ಶಾಲೆಯ ಜಗಲಿಯಲ್ಲಿ ನಿಂತು ಮಕ್ಕಳಿಗೆ "ಓಡಬೇಡ್ರೋ, ಓಡಬೇಡ್ರೇ" ಎಂದು ಕೂಗಿ ಗಂಟಲು ಕೆಡಿಸಿಕೊಂಡೆ. ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಳಂದೂರು ಬಸ್ಸು ನನ್ನ ಕಣ್ಣೆದುರಿಗೇ ಹೊರಟಿತು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ತಮ್ಮನ ಮನೆಗೆಂದು ಕರಿದ ಚಕ್ಕುಲಿಯ ಡಬ್ಬ. ಹೂವಿನವರನ್ನು ದಾಟಿ, ಆಟೋದವರನ್ನು ದಾಟಿ, ಬಸ್ಸಿನ ಬಾಗಿಲು ಕೈಗೆ ಸಿಗುವವರೆಗೂ ಓಡಿದೆ. ಕಂಡಕ್ಟರು ಸೀಟಿ ಊದಿ ನಿಲ್ಲಿಸಿದ. ಹತ್ತಿ ಕೂತಾಗ ಚಕ್ಕುಲಿಯೆಲ್ಲ ಪುಡಿಯಾಗಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ನನಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. "ಯಾಕ್ ಮೇಡಂ ನಗ್ತಾ ಇದ್ದೀರಿ" ಎಂದು ಕಂಡಕ್ಟರು ಕೇಳಿದ. ಬಸ್ಸು ಸಿಕ್ಕಿತಲ್ಲ, ಅದಕ್ಕೆ ಎಂದೆ. ಸುಳ್ಳು. ಬಸ್ಸು ಅಷ್ಟು ಬೇಗ ನಿಂತುಬಿಟ್ಟಿತಲ್ಲ ಎಂದು ನನಗೆ ಬೇಜಾರಾಗಿತ್ತು.

ಮುಂದಿನ ವಾರ ಷೂ ತರಲು ಹೋದೆ. ಅಂಗಡಿಯವನು "ಮಗೀಗಾ ಮೇಡಂ? ಯಾವ ಕ್ಲಾಸು?" ಎಂದು ಬಿಳೀ ಷೂ ತೆಗೆದ. ನನಗೇ ಎಂದೆ. ಆ ಷೂ ಒಳಗಿಟ್ಟು ಹಿಮ್ಮಡಿ ನೋವಿನವರು ಹಾಕುವ ಮೆತ್ತನೆಯ ಚಪ್ಪಲಿ ತಂದ. "ಓಡೋದಕ್ಕೆ" ಎಂದೆ. ಅವನು ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ರಸ್ತೆಯ ಕಡೆ ಒಮ್ಮೆ ನೋಡಿದ. ಕೊನೆಗೆ ಗಂಡಸರ ಸಾಲಿನಿಂದ ಹಸಿರು ಪಟ್ಟೆಯ ನೀಲಿ ಷೂ ಒಂದು ಜೊತೆ ಸಿಕ್ಕಿತು. ಮನೆಯಲ್ಲಿ ಅದನ್ನು ಕಂಡ ಅತ್ತೆ ಯಾರೋ ಗಂಡಸರು ಬಂದಿದ್ದಾರೆಂದು ತಲೆಯ ಮೇಲೆ ಸೆರಗು ಎಳೆದುಕೊಂಡರು. ನನ್ನ ಗಂಡನಿಗೆ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ. ಲೋಕದ ಎಲ್ಲ ವಿಷಯವನ್ನೂ ಅವರು ಮೋಟಾರಿನ ಮೂಲಕವೇ ಅರ್ಥ ಮಾಡಿಕೊಳ್ಳುವುದು. ನಾನು ಓಡುತ್ತೇನೆಂದಾಗ ಸ್ವಲ್ಪ ಯೋಚಿಸಿ, "ಹಳೇ ಮೋಟ್ರು, ಒಂದೇ ಸಲ ಲೋಡ್ ಆಕ್ಬ್ಯಾಡ. ನಿಧಾನಕ್ಕೆ ಬಿಸಿಯಾಗ್ಲಿ" ಎಂದರು. ಹೊದಿಕೆ ಎಳೆದುಕೊಂಡು ಮಲಗಿದರು. ಗಂಡನ ಅನುಮತಿ ಸಿಕ್ಕಿತೆಂದು ನಾನು ತಿಳಿದುಕೊಂಡೆ. ಸಿಗದಿದ್ದರೂ ಓಡುತ್ತಿದ್ದೆ, ಆ ಮಾತು ಬೇರೆ.

ಸಡಿಲವಾದ ಚೂಡಿದಾರ, ಸೊಂಟಕ್ಕೆ ಬಿಗಿದು ಕಟ್ಟಿದ ದುಪಟ್ಟ, ಆ ನೀಲಿ ಷೂ. ಮನೆಯಿಂದ ಹೊರಟು, ಮಗ್ಗದ ಸದ್ದು ಆಗಲೇ ಶುರುವಾಗಿರುವ ನೇಯ್ಗೆಯವರ ಬೀದಿ ದಾಟಿ, ಕೆರೆ ಏರಿಯ ತುದಿಯವರೆಗೆ ಹೋಗಿ ವಾಪಸ್ಸು. ಮೊದಲ ದಿನವೇ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡ ಒಬ್ಬರು ನನ್ನ ಜೊತೆಗೇ ಓಡತೊಡಗಿದರು. "ಯಾರ್ಗೇನಾಯ್ತು ಮೇಡಂ? ಆಸ್ಪತ್ರೆಗಾ?" ಎಂದು ಏದುಸಿರಲ್ಲೇ ಕೇಳಿದರು. ಏನೂ ಆಗಿಲ್ಲವೆಂದು ತಿಳಿದಾಗ ಅವರಿಗೆ ಆದ ನಿರಾಶೆ ಅಷ್ಟಿಷ್ಟಲ್ಲ. ರಂಗೋಲಿ ಇಡುತ್ತಿದ್ದವರು ಬಗ್ಗಿದಲ್ಲಿಂದಲೇ ತಲೆಯೆತ್ತಿ "ಶುಗರಾ?" ಎನ್ನುತ್ತಿದ್ದರು. ಇಲ್ಲವೆಂದರೆ "ಬಿಪಿನಾ?" ಅದೂ ಇಲ್ಲವೆಂದರೆ ಪಾಪ, ಹೇಳಿಕೊಳ್ಳಲಾಗದ ಕಾಯಿಲೆ ಇರಬೇಕೆಂದು ಸುಮ್ಮನಾಗುತ್ತಿದ್ದರು. ಇವರೆಲ್ಲರಿಗಿಂತ ದೊಡ್ಡ ಕಾಟ ಗಾಡಿಯವರದು. ನಮ್ಮೂರಿನವರು ಒಳ್ಳೆಯವರು. ಗೊತ್ತಿರುವ ಟೀಚರೊಬ್ಬರು ರಸ್ತೆಯಲ್ಲಿ ಬೆವರು ಸುರಿಸಿಕೊಂಡು ಓಡುತ್ತಿದ್ದರೆ ಬಿಟ್ಟು ಮುಂದೆ ಹೋಗಲು ಅವರ ಮನಸ್ಸು ಒಪ್ಪುವುದಿಲ್ಲ. "ಅತ್ತಿ ಮೇಡಂ, ಬುಡ್ತೀನಿ." ದಿನಕ್ಕೆ ನಾಲ್ಕು ಸಲವಾದರೂ ಈ ಮಾತು. ನಾನು ಇಪ್ಪತ್ತೈದು ವರ್ಷದಿಂದ ಇವರ ಮಕ್ಕಳ ಬಾಯಿಗೆ ಹಕಾರ ಕೂರಿಸಲು ಹೆಣಗುತ್ತಿರುವವಳು. ಅದು ಅತ್ತಿಯಲ್ಲ, ಹತ್ತಿ ಎಂದು ತಿದ್ದಬೇಕೆನಿಸುತ್ತಿತ್ತು. ಓಡುವಾಗ ತಿದ್ದುವಷ್ಟು ಉಸಿರು ಇರುತ್ತಿರಲಿಲ್ಲ.

ಇನ್ನು ಆ ಭಾನುವಾರದ ವಿಷಯ. ಬೆಳಿಗ್ಗೆ ಆರೂವರೆಗೆ ನಮ್ಮ ಬೀದಿಯ ತಿರುವಿನಲ್ಲೇ ಹಾಲಿನ ಸಿದ್ದಪ್ಪ ಎದುರಾದರು. ಅವರು ದಾಸನಪುರದವರು, ಕಾವೇರಿ ದಂಡೆಯ ಊರು. ಎಪ್ಪತ್ತು ವರ್ಷವಾಗಿದ್ದರೂ ಮೊಪೆಡ್ಡಿನ ಎರಡು ಪಕ್ಕಕ್ಕೆ ಎರಡು ಕ್ಯಾನು ಕಟ್ಟಿಕೊಂಡು ಬಂದು ನಮ್ಮ ಬೀದಿಗೆಲ್ಲ ಹಾಲು ಹಾಕಿ ಹೋಗುತ್ತಾರೆ. ಆ ಹೊತ್ತಿಗೆ ಹಾಲು ಹಾಕಿ ಮುಗಿಸಿ ಖಾಲಿ ಕ್ಯಾನಿನೊಂದಿಗೆ ಊರಿಗೆ ಹೊರಟಿದ್ದರು. ಮೂರು ತಿಂಗಳಿಂದ ಅವರು ದಿನವೂ ಹತ್ತಿ ಎನ್ನುವುದು, ನಾನು ದಿನವೂ ಬೇಡ ಎನ್ನುವುದು. ಅವತ್ತು ಅವರ ಮುಖ ಸಪ್ಪಗಾಯಿತು. "ನಮ್ ಗಾಡಿ ಅತ್ತಾಕೆ ನಿಮ್ಗೆ ಇಷ್ಟಿಲ್ವೇನೋ ಬುಡಿ ಮೇಡಂ. ಆಲಿನ್ ಗಾಡಿ, ವಾಸ್ನೆ" ಎಂದುಬಿಟ್ಟರು. ಈ ಮಾತಿನ ಮುಂದೆ ಯಾವ ಟೀಚರು ನಿಲ್ಲಬಲ್ಲಳು. ಹತ್ತಿಯೇ ಬಿಟ್ಟೆ. ಎರಡು ಕ್ಯಾನಿನ ನಡುವೆ ಕಾಲು ತೂರಿಸಿ ಕೂತದ್ದೇ ಗಾಡಿ ಹೊರಟಿತು. ಖಾಲಿ ಕ್ಯಾನುಗಳ ಗಡಗಡ ಸದ್ದಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. "ಎಲ್ಲೀಗ್ ಬುಡ್ಲಿ ಮೇಡಂ?" ಎಂದು ಅವರು ಕೇಳಿದರು. ನನಗೆ ಹೋಗಬೇಕಾದ ಊರೇ ಇಲ್ಲವಲ್ಲ. ಎಲ್ಲಿಗೂ ಇಲ್ಲ ಎಂದರೆ ಮತ್ತೆ ಬೇಜಾರು ಮಾಡಿಕೊಂಡಾರು. ಬಾಯಿಗೆ ಬಂದದ್ದು ಹೇಳಿದೆ, "ಒಳೆ ತಾವಕ್ಕೆ." ಹಕಾರ ನನ್ನ ಬಾಯಿಂದಲೂ ಜಾರಿತ್ತು. ಅವರು ಸಂತೋಷದಿಂದ ನನ್ನನ್ನು ದಾಸನಪುರದವರೆಗೂ ಕರೆದುಕೊಂಡು ಹೋಗಿ ಹೊಳೆಯ ದಡದಲ್ಲಿ ಇಳಿಸಿ, ಕೈಮುಗಿದು, ಮನೆಗೆ ಹೋದರು.

ಕೈಯಲ್ಲಿ ಫೋನಿಲ್ಲ, ಬಸ್ಸಿಗೆ ಚಿಲ್ಲರೆಯಿಲ್ಲ, ಇದ್ದದ್ದು ಮನೆಯ ಬೀಗದ ಕೈ ಒಂದೇ. ಓಡಿದರೆ ಮನೆ, ಇಲ್ಲದಿದ್ದರೆ ಇಲ್ಲ. ಅಲ್ಲಿಯವರೆಗೆ ನಾನು ಒಂದೇ ಉಸಿರಿಗೆ ಓಡಿದ್ದು ಹೆಚ್ಚೆಂದರೆ ಕೆರೆ ಏರಿಯಷ್ಟು. ಕಾವೇರಿ ಆ ಹೊತ್ತಿನಲ್ಲಿ ಸದ್ದೇ ಇಲ್ಲದೆ ಹರಿಯುತ್ತಿತ್ತು. ದಂಡೆಯ ಕಾಲುದಾರಿಯಲ್ಲಿ ಇಬ್ಬನಿಗೆ ಷೂ ಒದ್ದೆಯಾಯಿತು. ಗದ್ದೆಯ ಬೆಳ್ಳಕ್ಕಿಗಳು ನನ್ನನ್ನು ನೋಡಿ ಹಾರಬೇಕೋ ಬೇಡವೋ ಎಂದು ಯೋಚಿಸಿ ಅಲ್ಲೇ ಕೂತವು. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರಲ್ಲಿ ವಯಸ್ಸಾದವರೊಬ್ಬರು ಕೈಯಲ್ಲಿದ್ದ ಪಂಚೆ ಹಾಗೇ ಹಿಡಿದು, "ಇಂದ್ಗಡೆ ಯಾರೂ ಬತ್ತಾ ಇಲ್ಲ ಕಣವ್ವ, ನಿಧಾನಕ್ಕೆ ಓಗು" ಎಂದು ಧೈರ್ಯ ಹೇಳಿದರು. ಆ ಮಾತು ಬಹಳ ಹೊತ್ತು ನನ್ನ ಜೊತೆಗೇ ಓಡಿತು. ನಿಜ, ಹಿಂದೆ ಯಾರೂ ಇರಲಿಲ್ಲ. ಹಾಲು ಉಕ್ಕುತ್ತಿರಲಿಲ್ಲ, ಗಂಟೆ ಹೊಡೆದಿರಲಿಲ್ಲ, ಹೆಡ್ಮಾಸ್ಟರು ಕಾಯುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಯಾವುದಕ್ಕೂ ಹೆದರದೆ ಓಡಿದ್ದು ಇದೇ ಮೊದಲು. ನಾಲೆ ಏರಿ ಹತ್ತುವಾಗ ಅಳು ಬಂತು. ಅಳುತ್ತ ಓಡಿದರೆ ಉಸಿರು ಕಟ್ಟುತ್ತದೆ ಎಂಬುದೂ ಅವತ್ತೇ ತಿಳಿಯಿತು, ಅದಕ್ಕೇ ಅಳು ನಿಲ್ಲಿಸಿ ಓಟ ಇಟ್ಟುಕೊಂಡೆ. ನಡುನಡುವೆ ನಡೆದೆ, ಎರಡು ಕಡೆ ಕೂತೆ, ಒಂದು ಕೊಳವೆಬಾವಿಯ ಹತ್ತಿರ ನೀರು ಕುಡಿದೆ. ಊರು ಮುಟ್ಟುವ ಹೊತ್ತಿಗೆ ಒಂಬತ್ತಾಗಿತ್ತು.

ಅಷ್ಟರಲ್ಲಿ ಊರಿನಲ್ಲಿ ಕನ್ನಡ ಭಾಷೆ ತನ್ನ ಕೆಲಸ ಮಾಡಿ ಮುಗಿಸಿತ್ತು. ನಮ್ಮ ಎದುರು ಮನೆಯ ಮಹದೇವಮ್ಮ ಕೆಟ್ಟವರಲ್ಲ. ಹನೂರಿಗೆ ಕೊಟ್ಟಿರುವ ಮಗಳ ಜೊತೆ ದಿನವೂ ಬೆಳಿಗ್ಗೆ ಫೋನಿನಲ್ಲಿ ಬೀದಿಯ ಸಮಾಚಾರ ಹೇಳುವುದು ಅವರ ಪದ್ಧತಿ. ಅವತ್ತೂ ಕಂಡದ್ದನ್ನು ಕಂಡಂತೆಯೇ ಹೇಳಿದರು: "ಟೀಚ್ರಮ್ಮ ಓಡೋದ್ರು ಕಣಮ್ಮಿ. ಆಲಿನ್ ಸಿದ್ದಪ್ಪನ್ ಗಾಡಿ ಅತ್ಕಂಡು." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ನಮ್ಮ ಕಡೆ ಹೆಂಗಸು ಓಡಿ ಹೋದಳು ಎಂದರೆ ಯಾರೂ ಕಾಲನ್ನು ನೆನೆಯುವುದಿಲ್ಲ. ಆ ಮಗಳ ಮನೆಯಿರುವುದು ನನ್ನ ಗಂಡನ ಅಕ್ಕ ಪುಟ್ಟಮ್ಮಣ್ಣಿಯವರ ಪಕ್ಕದಲ್ಲೇ. ನಾನು ಅತ್ತಿಗೆ ಎಂದು ಕರೆಯುವ ಈ ಪುಟ್ಟಮ್ಮಣ್ಣಿ ನಮ್ಮ ಕುಟುಂಬದ ಮಾನ ಮರ್ಯಾದೆಯ ಉಸ್ತುವಾರಿ ವಹಿಸಿಕೊಂಡಿರುವವರು. ಸುದ್ದಿ ಕಿವಿಗೆ ಬಿದ್ದದ್ದೇ ತಮ್ಮನಿಗೆ ಫೋನು ಮಾಡಿದರು. ನನ್ನ ಗಂಡ ಹೊದಿಕೆಯೊಳಗಿಂದಲೇ ಮಾತಾಡಿದರಂತೆ. ಆ ಸಂಭಾಷಣೆಯನ್ನು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಎರಡೂ ತಾಳೆಯಾಗುತ್ತವೆ.

"ಲೇ, ನಿನ್ ಎಂಡ್ರು ಓಡೋದ್ಲಂತಲ್ಲ, ನಿಜವಾ?"

"ಊಂ ಕಣಕ್ಕ. ದಿನಾ ಓಯ್ತಾಳೆ."

"ದಿನಾನಾ? ಸಿದ್ದಪ್ಪನ ಜೊತೇಲಂತೆ?"

"ಯಾರಾದ್ರೂ ಸಿಕ್ತಾರೆ ಬುಡು ಜೊತ್ಗೆ."

"ನಿಂಗೇನೂ ಅನ್ಸಾಕಿಲ್ವೇನ್ಲಾ?"

"ತಿಂಡಿ ಒತ್ಗೆ ಬತ್ತಾಳೆ ಕಣಕ್ಕ. ಮನೀಕತೀನಿ ಇಡು."

ನಾನು ಕಾಲೆಳೆಯುತ್ತ ಮನೆಯೊಳಗೆ ಕಾಲಿಟ್ಟಾಗ ಹಜಾರದಲ್ಲಿ ನ್ಯಾಯ ಕೂತಿತ್ತು. ಹನೂರಿನಿಂದ ಕಾರು ಮಾಡಿಕೊಂಡು ಬಂದ ಅತ್ತಿಗೆ ದೊಡ್ಡ ಕುರ್ಚಿಯಲ್ಲಿ, ಅವರ ಗಂಡ, ಎಂದರೆ ಭಾವ, ಪಕ್ಕದಲ್ಲಿ. ಅತ್ತಿಗೆಯ ಫೋನು ಬಂದದ್ದೇ ಯಳಂದೂರಿನಿಂದ ಬೈಕಿನಲ್ಲಿ ಬಂದ ನನ್ನ ತಮ್ಮ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅತ್ತೆ ಗೋಡೆಗೊರಗಿ ಚಾಪೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ನನ್ನ ಗಂಡ ಮಾತ್ರ ಮೋಟಾರು ಯಾಕೆ ಸುಟ್ಟಿತೆಂದು ತಿಳಿಯದವರ ಹಾಗೆ ಎಲ್ಲರ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದರು. ಅತ್ತಿಗೆ ನನ್ನನ್ನು ತಲೆಯಿಂದ ಷೂವಿನವರೆಗೂ ನೋಡಿ, "ಓಡೋದೋಳು ಮತ್ಯಾಕ್ ಬಂದೆ?" ಎಂದರು.

ವಿಷಯ ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗಬೇಕಿತ್ತು. ನಗು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ವ್ಯಾಕರಣ ಚೆನ್ನಾಗಿ ಬರುತ್ತದೆ. "ಅತ್ತಿಗೆ, ನಾನು ಓಡಿ ಹೋಗಲಿಲ್ಲ, ಹೋಗಿ ಓಡಿದೆ. ಎರಡೇ ಕ್ರಿಯಾಪದ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದರಲ್ಲಿ ಒಂದು ಸಂಸಾರ ಉಳಿಯುತ್ತೆ" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ತಮ್ಮನಿಗೆ ಅರ್ಥವಾಯಿತೇನೋ, ಗುಂಡಿ ಸರಿಮಾಡಿಕೊಳ್ಳತೊಡಗಿದ. ಆಮೇಲೆ ಕ್ಯಾನು, ಮೊಪೆಡ್ಡು, ಹೊಳೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಸಿದ್ದಪ್ಪನವರ ವಯಸ್ಸು ಕೇಳಿ ಅತ್ತಿಗೆಯ ಬಿಗಿ ಅರ್ಧ ಇಳಿಯಿತು. ಉಳಿದರ್ಧ ಇಳಿಯಲಿಲ್ಲ. ಓಡುವುದೇ ತಪ್ಪು, ಓಡಿದ್ದರಿಂದ ತಾನೇ ಈ ಮಾತು ಬಂದದ್ದು, ಇವತ್ತಿಗೆ ಆ ಷೂ ಅಟ್ಟಕ್ಕೆ ಹೋಗಬೇಕು ಎಂದು ಹಟ ಹಿಡಿದರು. ಭಾವ ರಾಜಿ ಮಾಡಿಸುವುದರಲ್ಲಿ ಪಳಗಿದವರು. ದನಿ ತಗ್ಗಿಸಿ, "ನೋಡವ್ವ, ಒಂದ್ ಕೆಲ್ಸ ಮಾಡು. ಮಾದಪ್ಪಂಗೆ ಅರಕೆ ಕಟ್ಕಂಡಿದ್ದೀನಿ ಅಂತ ಏಳ್ಬುಡು. ಯಾರೂ ಉಸ್ರೆತ್ತಾಕಿಲ್ಲ. ಅಡ್ಡ ಸಿಕ್ದೋರೇ ಕೈಮುಗೀತಾರೆ" ಎಂದರು.

ಇದು ಸುಲಭದ ದಾರಿ ಎಂದು ನನಗೂ ಗೊತ್ತಿತ್ತು. ಹರಕೆ ಎಂದರೆ ನೇಯ್ಗೆಯವರ ಬೀದಿಯಲ್ಲಿ ಮಜ್ಜಿಗೆ ಸಿಗುತ್ತಿತ್ತು, ಕೆರೆ ಏರಿಯಲ್ಲಿ ದಾರಿ ಬಿಡುತ್ತಿದ್ದರು, ಮಹದೇವಮ್ಮ ಸ್ವತಃ ಅರಿಶಿನ ಕುಂಕುಮ ಕೊಟ್ಟು ಕಳಿಸುತ್ತಿದ್ದರು. ಆದರೆ ಬೆಳಿಗ್ಗೆ ಹೊಳೆದಂಡೆಯಲ್ಲಿ ನನ್ನ ಕಾಲು ನನ್ನದಾಗಿತ್ತು. ಅದನ್ನು ಅಷ್ಟು ಬೇಗ ಮಾದಪ್ಪನ ಹೆಸರಿಗೆ ಬರೆದುಕೊಡಲು ಮನಸ್ಸಾಗಲಿಲ್ಲ. ಮಾದಪ್ಪನಿಗೂ ಸುಳ್ಳು ಬೇಕಿರಲಿಕ್ಕಿಲ್ಲ. "ಹರಕೆ ಇಲ್ಲ ಭಾವ. ಶುಗರಿಲ್ಲ, ಬಿಪಿ ಇಲ್ಲ. ನನಗೆ ಇಷ್ಟ, ಅದಕ್ಕೆ ಓಡ್ತೀನಿ. ನಾಳೆನೂ ಓಡ್ತೀನಿ" ಎಂದೆ.

"ಇಷ್ಟ ಅಂದ್ರೆ?" ಎಂದು ಅತ್ತಿಗೆ ಕೇಳಿದರು. ಅಣಕಿಸಲು ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ನಾನು ಉತ್ತರ ಹುಡುಕುತ್ತಿರುವಾಗ ಅತ್ತೆ ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಮಾತಾಡಿದರು. "ಓಡ್ಲಿ ಬುಡಮ್ಮಿ. ನಾನೂ ಓಡೋಗಿದ್ದೆ ಒಂದ್ಸಲ. ಇವ್ಳಂಗಲ್ಲ, ನಿಜ್ವಾಗ್ಲೂ ಓಡೋಗಿದ್ದು. ಆಗ ಅನೂರ್ನಾಗಿದ್ದೋ. ಅತ್ತೆ ಬೈದ್ರು ಅಂತ ತವ್ರಿಗೆ ಓಗ್ಬುಡ್ತೀನಿ ಅಂದು ಕೌದಳ್ಳಿಗಂಟ ನಡ್ದೆ. ಮುಂದ್ಕೆ ಬಸ್ಸಿರ್ನಿಲ್ಲ. ಅಸ್ವಾಯ್ತು. ವಾಪಸ್ ಬಂದೆ."

ಅತ್ತಿಗೆ ಕುರ್ಚಿಯಿಂದ ಮುಂದಕ್ಕೆ ಬಾಗಿ, "ಯಾವಾಗವ್ವ?" ಎಂದರು. "ನೀನಿನ್ನೂ ಉಟ್ಟಿರ್ನಿಲ್ಲ" ಎಂದು ಅತ್ತೆ ಹೇಳಿ, ನನ್ನ ಕಡೆ ತಿರುಗಿ, "ನಾಳೀಕ್ ಬರುವಾಗ ಎರಡು ಕವ್ಳಿ ಎಲೆ ತಕಂಬಾ. ಕೆರೆ ತಾವ ಚೆನ್ನಾಗಿರ್ತದೆ" ಎಂದರು. ನ್ಯಾಯ ಅಲ್ಲಿಗೆ ಮುಗಿಯಿತು. ನಾನು ಉಪ್ಪಿಟ್ಟು ಮಾಡಿದೆ, ಎಲ್ಲರೂ ತಿಂದರು. ಹೊರಡುವಾಗ ಅತ್ತಿಗೆ ಬಾಗಿಲ ಬಳಿ ಬಿಚ್ಚಿಟ್ಟಿದ್ದ ನನ್ನ ಷೂವನ್ನು ಬಗ್ಗಿ ಹೆಬ್ಬೆರಳಿನಿಂದ ಒತ್ತಿ ನೋಡಿ, "ಮೆತ್ತಗದೆ" ಎಂದಷ್ಟೇ ಹೇಳಿ ಕಾರು ಹತ್ತಿದರು.

ಸಿದ್ದಪ್ಪನವರ ಹೆಂಡತಿ ಎರಡು ದಿನ ಅವರನ್ನು ಮಾತಾಡಿಸಲಿಲ್ಲವಂತೆ. ಈಗ ಅವರು ನನ್ನನ್ನು ಕಂಡರೆ ಗಾಡಿ ಜೋರಾಗಿ ಓಡಿಸಿಕೊಂಡು ಹೋಗುತ್ತಾರೆ, ಹಿಂದೆ ಕ್ಯಾನುಗಳು ಮಾತ್ರ ಗಡಗಡ ನಗುತ್ತವೆ. ಊರಿನವರು ಇನ್ನೂ ಕೇಳುತ್ತಾರೆ, ನಾನು ಇನ್ನೂ "ಇಷ್ಟ" ಎನ್ನುತ್ತೇನೆ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಯಳಂದೂರಿಗೆ ಹೋಗಿ ಸುವರ್ಣಾವತಿಯ ದಂಡೆಯ ಮೇಲೆ, ಅಜ್ಜಿ ನಿಲ್ಲಿಸಿದಲ್ಲಿಂದಲೇ ಶುರುಮಾಡಿ, ಓಡಿ ಬರುತ್ತೇನೆ. ಶಾಲೆಯ ಜಗಲಿಯಲ್ಲಿ ಮಕ್ಕಳು ಓಡಿದರೆ ಈಗ ಬಾಯಿ ತೆರೆಯುವುದಿಲ್ಲ. ಹೆಡ್ಮಾಸ್ಟರು ಇದನ್ನು ಗಮನಿಸಿದ್ದಾರೆ, ಗಮನಿಸಲಿ. ಯುಗಾದಿಗೆ ಹೊಸ ಷೂ ತಂದಾಗ ಹಳೆಯದನ್ನು ಅತ್ತಿಗೆ ಕೇಳಿ ಇಸಿದುಕೊಂಡರು. ಹೊಲಕ್ಕೆ ಹೋಗಲು ಎಂದರು, ಕೊಟ್ಟೆ.

ಹೋದ ವಾರ ಬೆಳಿಗ್ಗೆ ಓಡಿ ಬಂದು ಕಾಫಿ ಸೋಸುತ್ತಿದ್ದೆ. ಹನೂರಿನಿಂದ ಭಾವನ ಫೋನು. ಅವರ ದನಿಯಲ್ಲಿ ಗಾಬರಿಯಿತ್ತು. "ಮಂಗಳವ್ವ, ನಮ್ಮೋಳು ಓಡೋದ್ಲು ಕಣವ್ವ."

"ಅಯ್ಯೋ ಭಾವ, ಯಾರ ಜೊತೆ?" ಎಂದೆ.

ಭಾವ, "ಯಾರ್ ಜೊತೇನೂ ಇಲ್ಲ. ನಿನ್ ಅಳೇ ಷೂ ಆಕ್ಕಂಡು, ಬಸ್ ಸ್ಟ್ಯಾಂಡ್ ಕಡೀಕೆ. ಎಷ್ಟೊತ್ತು ಓಡ್ಬೇಕು ಅಂತ ಕೇಳಾನ ಅಂತ ಮಾಡ್ದೆ" ಎಂದರು. ನಾನು ಹೇಳುವ ಮೊದಲೇ ಫೋನು ಇಟ್ಟುಬಿಟ್ಟರು.

ಕಾಫಿ ಲೋಟ ಹಿಡಿದು ಹಜಾರಕ್ಕೆ ಬಂದೆ. ಅತ್ತೆ ಚಾಪೆಯ ಮೇಲೆ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದರು. ಏನಂತೆ ಫೋನು ಎಂದು ಕೇಳಿದರು.

"ಅತ್ತಿಗೆ ಓಡಿ ಹೋದರಂತೆ" ಎಂದೆ.

ಅತ್ತೆ ತಲೆ ಎತ್ತಲಿಲ್ಲ. ಸುಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತ, "ಎಷ್ಟೊತ್ಗೆ ಬತ್ತಾಳಂತೆ?" ಎಂದರು.

ನಮ್ಮ ಮನೆಯಲ್ಲಿ ಕನ್ನಡ ಎಂ.ಎ. ಮಾಡಿರುವವಳು ನಾನೊಬ್ಬಳೇ, ಯಾರ ಜೊತೆ ಎಂದು ಕೇಳಿದವಳೂ ನಾನೊಬ್ಬಳೇ.